ಭೂಮಿ ಗಣಕ ವ್ಯವಸ್ಥೆ: ಪಹಣಿಯಲ್ಲಿ ಬದಲಾವಣೆ ಮಾಡಿದ ಅಧಿಕಾರಿಯ ವಿವರ ತಿಳಿಯುವ ವಿಧಾನ
(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಹಿನ್ನೆಲೆ

ಕಂದಾಯ ಇಲಾಖೆಯ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ಭೂ ಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಣಗೊಳಿಸಲಾಯಿತು. ತದನಂತರ ಕೈಬರಹದ ಪಹಣಿಗಳ ವಿತರಣೆಯನ್ನು ನಿಲ್ಲಿಸಲಾಯಿತು. ಕೈಬರಹದ ಕಾಲದಲ್ಲಿ ದಾಖಲೆಯು ಒಬ್ಬ ಗ್ರಾಮ ಲೆಕ್ಕಿಗರ ವಶದಲ್ಲಿರುತ್ತಿತ್ತು. ಗಣಕ ವ್ಯವಸ್ಥೆಯಲ್ಲಿ ಅದೇ ದಾಖಲೆಯ ಮೇಲೆ ಹಲವು ಅಧಿಕಾರಿಗಳು ಹಾಗೂ ಸಿಬ್ಬಂದಿ ಕೆಲಸ ಮಾಡುತ್ತಾರೆ. ಆದುದರಿಂದ ಯಾವ ನಮೂದನ್ನು ಯಾರು, ಯಾವಾಗ ಮಾಡಿದರು ಎಂಬುದು ತಿಳಿಯುವಂತಿರಬೇಕಾದುದು ಅತ್ಯವಶ್ಯಕ.

ಈ ಉದ್ದೇಶಕ್ಕಾಗಿಯೇ ಭೂಮಿ ವ್ಯವಸ್ಥೆಯಲ್ಲಿ ಅಧಿಕಾರಿಗಳ ಬೆರಳಚ್ಚು ಆಧಾರಿತ ಗುರುತಿಸುವಿಕೆಯನ್ನು ಅಳವಡಿಸಲಾಯಿತು. ಗುಪ್ತಪದವನ್ನು ಮತ್ತೊಬ್ಬರಿಗೆ ಹೇಳಬಹುದು, ಬೆರಳಚ್ಚನ್ನು ಹೇಳಲಾಗದು. ತಾನು ಅನುಮೋದಿಸಿದ ನಮೂದನ್ನು ನಂತರ ತನ್ನದಲ್ಲವೆಂದು ನಿರಾಕರಿಸಲು ಅವಕಾಶವಿರಬಾರದೆಂಬುದು ಇದರ ಆಶಯವಾಗಿದೆ.

2. ಈ ಮಾಹಿತಿಯ ಮಹತ್ವ

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಪ್ರಕರಣ 133ರ ಪ್ರಕಾರ ಹಕ್ಕು ದಾಖಲೆಯಲ್ಲಿನ ನಮೂದನ್ನು, ತಪ್ಪೆಂದು ರುಜುವಾತಾಗುವವರೆಗೆ ಅಥವಾ ಕಾನೂನುರೀತ್ಯಾ ಹೊಸ ನಮೂದು ಆಗುವವರೆಗೆ ಸರಿಯೆಂದೇ ಭಾವಿಸಲಾಗುತ್ತದೆ. ಚನ್ನಗಿರಿಯ ಅಡಿಕೆ ತೋಟವಾಗಲಿ, ಜಗಳೂರಿನ ಖುಷ್ಕಿ ಜಮೀನಾಗಲಿ, ಪಹಣಿಯಲ್ಲಿ ಹೆಸರು ತಪ್ಪಿದಲ್ಲಿ ಅದನ್ನು ರುಜುವಾತುಪಡಿಸುವ ಹೊಣೆ ರೈತನ ಮೇಲೆಯೇ ಬೀಳುತ್ತದೆ. ಬದಲಾವಣೆ ಯಾವ ಆದೇಶದ ಮೇರೆಗೆ, ಯಾವ ಹಂತದಲ್ಲಿ ಆಯಿತೆಂದು ತಿಳಿಯದೆ ಪರಿಹಾರ ಕೋರುವುದು ಕಷ್ಟಸಾಧ್ಯ.

3. ಅರ್ಜಿ ಇಲ್ಲದೆ ತಿಳಿಯಬಹುದಾದ ವಿವರಗಳು

ಅ) ಪಹಣಿಯಲ್ಲಿ ಮಾಲೀಕರ ಹೆಸರಿನ ಮುಂದೆ, ಸ್ವಾಧೀನತೆಯ ರೀತಿಯನ್ನು ತೋರಿಸುವ ಕಾಲಂನಲ್ಲಿ ಎಂ.ಆರ್. ಸಂಖ್ಯೆ ಇರುತ್ತದೆ. ಮೊದಲು ಇದನ್ನು ಬರೆದಿಟ್ಟುಕೊಳ್ಳತಕ್ಕದ್ದು.
ಆ) ಸದರಿ ಸಂಖ್ಯೆಯ ಹಕ್ಕು ಬದಲಾವಣೆ ವಹಿಯ ಪ್ರತಿಯನ್ನು ನಿಗದಿತ ಶುಲ್ಕ ಪಾವತಿಸಿ ಪಡೆಯಬಹುದಾಗಿದೆ. ಇದರಲ್ಲಿ ಬದಲಾವಣೆಯ ಕಾರಣ ಹಾಗೂ ಆದೇಶದ ವಿವರ ಇರುತ್ತದೆ.
ಇ) ಬಾಕಿ ಇರುವ ಪ್ರಕರಣಗಳ ಹಂತವನ್ನು ಇಲಾಖೆಯ ಭೂ ದಾಖಲೆಗಳ ಅಂತರ್ಜಾಲ ತಾಣದಲ್ಲಿ ವೀಕ್ಷಿಸಬಹುದಾಗಿದೆ.

4. ಮಾಹಿತಿ ಹಕ್ಕಿನಡಿ ಕೋರಬಹುದಾದ ವಿವರಗಳು

ಮೇಲ್ಕಂಡ ಪ್ರತಿಗಳಿಂದ ಸ್ಪಷ್ಟವಾಗದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 6ರಡಿ ತಾಲ್ಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿ ಶುಲ್ಕ ರೂ. 10. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ರಾಜ್ಯದ ನಿಯಮಗಳಂತೆ ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರತಕ್ಕದ್ದಲ್ಲ. ಕಾರಣ ತಿಳಿಸುವ ಅವಶ್ಯಕತೆ ಇರುವುದಿಲ್ಲ.

ಮಾದರಿ: "…… ಗ್ರಾಮದ ಸರ್ವೆ ನಂ. …… ಕ್ಕೆ ಸಂಬಂಧಿಸಿದ ಎಂ.ಆರ್. ಸಂಖ್ಯೆ …… ರಲ್ಲಿ ನಮೂದು ದಾಖಲಿಸಿದ ಹಾಗೂ ಅನುಮೋದಿಸಿದ ಅಧಿಕಾರಿಗಳ ಪದನಾಮ, ದಿನಾಂಕ ಮತ್ತು ಆದೇಶದ ಪ್ರತಿಯನ್ನು ಒದಗಿಸಲು ಕೋರಿದೆ."

30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ನಿರಾಕರಿಸಲ್ಪಟ್ಟಲ್ಲಿ, ನಂತರದ 30 ದಿನಗಳೊಳಗೆ ಪ್ರಥಮ ಮೇಲ್ಮನವಿಯನ್ನೂ, ತದನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿಯನ್ನೂ ಸಲ್ಲಿಸಬಹುದಾಗಿದೆ.

5. ನೀಡಲಾಗದ ವಿವರಗಳು

ಅಧಿಕಾರಿಯ ಗುಪ್ತಪದ, ಬೆರಳಚ್ಚು, ಆಧಾರ್ ಸಂಖ್ಯೆ, ಮನೆಯ ವಿಳಾಸ ಇತ್ಯಾದಿಗಳನ್ನು ಕೋರತಕ್ಕದ್ದಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಮೂಲಕ ಮಾಹಿತಿ ಹಕ್ಕು ಅಧಿನಿಯಮದ ಪ್ರಕರಣ 8(1)(ಜೆ) ತಿದ್ದುಪಡಿಯಾಗಿದ್ದು, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿದೆ. ಇದರನ್ವಯ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಇದೆ. ಆದರೆ ಸಾರ್ವಜನಿಕ ಹಿತಾಸಕ್ತಿಯು ಮಿಗಿಲಾಗಿದ್ದಲ್ಲಿ ಮಾಹಿತಿ ನೀಡಲು ಪ್ರಕರಣ 8(2)ರಲ್ಲಿ ಅವಕಾಶವಿದೆ. ಆದುದರಿಂದ ವ್ಯಕ್ತಿಯ ಬಗ್ಗೆ ಕೇಳುವ ಬದಲು ಆದೇಶ, ದಿನಾಂಕ ಹಾಗೂ ಪದನಾಮದ ಬಗ್ಗೆ ಕೇಳುವುದು ಸೂಕ್ತ. ಅಧಿಕಾರಿಗಳ ಹೆಸರು ಮತ್ತು ಕರ್ತವ್ಯಗಳ ಪಟ್ಟಿಯನ್ನು ಪ್ರಕರಣ 4(1)(ಬಿ) ಅಡಿ ಕಚೇರಿಯೇ ಪ್ರಕಟಿಸಬೇಕಾಗಿರುತ್ತದೆ.

6. ಹಳೆಯ ದಾಖಲೆಗಳ ಬಗ್ಗೆ

ದಾವಣಗೆರೆ ಜಿಲ್ಲೆಯು 1997ರ ಆಗಸ್ಟ್ 15ರಂದು ರಚನೆಯಾಯಿತು. ಅದಕ್ಕೂ ಮುನ್ನ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. 2017ರಲ್ಲಿ ಘೋಷಿತವಾಗಿ ನಂತರ ಅಸ್ತಿತ್ವಕ್ಕೆ ಬಂದ ನ್ಯಾಮತಿ ತಾಲ್ಲೂಕು ಮೊದಲು ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು. ಅರ್ಜಿಯಲ್ಲಿ ಬದಲಾವಣೆಯಾದ ವರ್ಷವನ್ನೂ, ಆಗಿನ ತಾಲ್ಲೂಕನ್ನೂ ನಮೂದಿಸತಕ್ಕದ್ದು. ಅರ್ಜಿಯು ಬೇರೆ ಪ್ರಾಧಿಕಾರಕ್ಕೆ ಸಂಬಂಧಿಸಿದ್ದಲ್ಲಿ ಪ್ರಕರಣ 6(3)ರಡಿ 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕಾಗಿರುತ್ತದೆ.

7. ಮುಖ್ಯ ಎಚ್ಚರಿಕೆ: ಕಾಲಮಿತಿ

ನಮೂದು ಮಾಡಿದವರು ಯಾರೆಂದು ತಿಳಿದ ಮಾತ್ರಕ್ಕೆ ನಮೂದು ಸರಿಹೋಗುವುದಿಲ್ಲ. ಭೂ ಕಂದಾಯ ಅಧಿನಿಯಮದ ಪ್ರಕರಣ 136(2)ರಡಿ, ಆದೇಶ ತಲುಪಿದ ಅಥವಾ ನಮೂದು ತಿಳಿದುಬಂದ ದಿನದಿಂದ 60 ದಿನಗಳೊಳಗೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬೇಕು. ಮಾಹಿತಿ ಹಕ್ಕಿನ ಉತ್ತರಕ್ಕೇ 30 ದಿನ ಹಿಡಿಯಬಹುದಾದ್ದರಿಂದ, ಉತ್ತರಕ್ಕಾಗಿ ಕಾಯದೆ ವಹಿಯ ಪ್ರತಿಯೊಂದಿಗೆ ಮೇಲ್ಮನವಿ ಸಲ್ಲಿಸಿ, ಉತ್ತರವನ್ನು ನಂತರ ಹಾಜರುಪಡಿಸುವುದು ಕ್ಷೇಮಕರ. ಜಮೀನಿನ ಹಕ್ಕೇ ವಿವಾದದಲ್ಲಿದ್ದರೆ ಸಿವಿಲ್ ನ್ಯಾಯಾಲಯದ ಮೊರೆ ಹೋಗಬೇಕಾಗುತ್ತದೆ.

ಮತ್ತೊಬ್ಬರ ಗುಪ್ತಪದ ಅಥವಾ ಗುರುತಿನ ಲಕ್ಷಣವನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 66ಸಿ ಅಡಿ ಅಪರಾಧವಾಗಿದ್ದು, 3 ವರ್ಷಗಳವರೆಗೆ ಕಾರಾವಾಸ ಹಾಗೂ ರೂ. 1 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ. ಅಂತಹ ಶಂಕೆ ಇದ್ದಲ್ಲಿ ತಹಶೀಲ್ದಾರರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು.

8. ಅರ್ಜಿದಾರರ ಜವಾಬ್ದಾರಿ

ಸೈಬರ್ ಕೇಂದ್ರಗಳಲ್ಲಿ ಅರ್ಜಿ ಸಲ್ಲಿಸುವವರು ತಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನೇ ನೀಡಿ, ಕೆಲಸ ಮುಗಿದ ನಂತರ ಖಾತೆಯಿಂದ ಹೊರಬರತಕ್ಕದ್ದು. ಒ.ಟಿ.ಪಿ.ಯನ್ನು ಯಾರಿಗೂ ತಿಳಿಸತಕ್ಕದ್ದಲ್ಲ. ತಮ್ಮ ಆಧಾರ್ ದೃಢೀಕರಣ ಎಲ್ಲೆಲ್ಲಿ ನಡೆದಿದೆ ಎಂಬುದರ ಕಳೆದ 6 ತಿಂಗಳ ವಿವರವನ್ನು ಆಧಾರ್ ಪ್ರಾಧಿಕಾರದ ತಾಣದಲ್ಲಿ ನೋಡಬಹುದಾಗಿದೆ.

ವರ್ಷಕ್ಕೊಮ್ಮೆಯಾದರೂ ತಮ್ಮ ಪಹಣಿಯನ್ನು ಪರಿಶೀಲಿಸಿಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.