ಪ್ರಶ್ನೆ ಯಾರದು, ಕಾಗದ ಯಾರ ಮನಿಗೆ?

ನಮ್ಮ ಕೇರಿಗಳಿಗೆ ಡಾಂಬರು ರಸ್ತೆ ಬರುವುದಕ್ಕಿಂತ ಮೊದಲೇ ಪ್ರಶ್ನೆಗಳು ಬಂದವು. ಮನ್ಯಾಗ ಎಷ್ಟ ಮಂದಿ, ಎಷ್ಟ ಎಕರೆ ಹೊಲ, ಎಷ್ಟ ಸಾಲ, ಯಾವ ಜಾತಿ. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಫಾರಂ ಹಿಡಿದವರನ್ನು ಕಂಡರೆ ಮುದುಕಿಯರು ಹೊರಸು ಹಾಕಿ ನೀರು ಕೊಡುತ್ತಾರೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾರೆ. ಬಂದವರು ಬರಕೊಂಡು ಹೋಗುತ್ತಾರೆ. ಬರೆದದ್ದು ಎಲ್ಲಿಗೆ ಹೋಯಿತು, ಏನಾಯಿತು ಎಂಬುದು ಮಾತ್ರ ಹೊಳ್ಳಿ ಬರುವುದಿಲ್ಲ. ವಿಶ್ವವಿದ್ಯಾಲಯಗಳು ಈಗ ‘ಸಮುದಾಯದ ಜೊತೆಗೂಡಿ ಸಂಶೋಧನೆ’ ಎಂಬ ಮಾತನ್ನು ಬಹಳ ಆಡುತ್ತಿವೆ. ಒಳ್ಳೆಯ ಮಾತು. ಆದರೆ ಈ ‘ಜೊತೆ’ ಅನ್ನುವುದು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ ಎಂದು ಚರಿತ್ರೆಯನ್ನೇ ಕೇಳಬೇಕಾಗಿದೆ.

ನಾವು 1948ರ ಸೆಪ್ಟೆಂಬರ್ 17ರ ತನಕ ನಿಜಾಮನ ಪ್ರಜೆಗಳು. ಆಮೇಲೂ 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದವರೇ. ಆ ರಾಜ್ಯದ ದೊಡ್ಡ ವಿದ್ಯಾಪೀಠ ಉಸ್ಮಾನಿಯಾ. 1951-52ರಲ್ಲಿ ಅಲ್ಲಿನ ವಿದ್ಯಾರ್ಥಿಗಳು, ಅಧ್ಯಾಪಕರು ಹೈದರಾಬಾದ್ ಶಹರದಿಂದ 25 ಮೈಲಿ ದೂರದ ಶಾಮೀರಪೇಟೆ ಎಂಬ ಹಳ್ಳಿಗೆ ಹೋದರು. ವೈದ್ಯಕೀಯದವರು ರೋಗಿಗಳನ್ನು ನೋಡಿದರು, ಪಶುವೈದ್ಯದವರು ದನ ನೋಡಿದರು, ಬೇಸಾಯ ಓದುವವರು ಹೊಲ ನೋಡಿದರು. ಸಮಾಜಶಾಸ್ತ್ರದವರು ಜನರನ್ನು ನೋಡಿದರು. ಸೇವೆ ಮತ್ತು ಸಂಶೋಧನೆ ಒಂದೇ ಗಾಡಿಯಲ್ಲಿ ಹಳ್ಳಿಗೆ ಬಂದ ಮೊದಮೊದಲ ಪ್ರಯೋಗಗಳಲ್ಲಿ ಇದೂ ಒಂದು. ಅದರಿಂದ ಹುಟ್ಟಿದ ಎಸ್.ಸಿ. ದುಬೆ ಅವರ ಪುಸ್ತಕ 1955ರಲ್ಲಿ ಲಂಡನ್ನಿನಿಂದ ಇಂಗ್ಲಿಷಿನಲ್ಲಿ ಹೊರಬಿತ್ತು, ಶಾಮೀರಪೇಟೆ ಜಗತ್ತಿನ ತರಗತಿಗಳಿಗೆಲ್ಲ ಹೋಯಿತು. ನಾವು ದುಬೆಯವರನ್ನು ಹಳಿಯುತ್ತಿಲ್ಲ. ಮದ್ದು ಕೊಟ್ಟು ಮಾತು ಕೇಳಿದವರು, ಬರೀ ಮಾತು ಕೇಳಿ ಹೋದವರಿಗಿಂತ ಮೇಲು. ಆದರೆ ಶಾಮೀರಪೇಟೆಯ ಮಾದಿಗರ ಗುಡಿಸಲಲ್ಲಿ ಆ ಪುಸ್ತಕ ಓದಬಲ್ಲವರು ಆಗ ಯಾರಿದ್ದರು?

ಅದೇ ಹೈದರಾಬಾದ್ ರಾಜ್ಯದ ಔರಂಗಾಬಾದಿನಲ್ಲಿ, ಅದಕ್ಕೂ ಒಂದು ವರ್ಷ ಮೊದಲು, 1950ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಕಾಲೇಜು ತೆರೆದಿದ್ದರು. ಅದು ಮುಂದೆ ಮಿಲಿಂದ ಹೆಸರಿನಿಂದ ಪ್ರಸಿದ್ಧವಾಯಿತು. ವಿದ್ಯೆಯ ಪ್ರಶ್ನೆಗೆ ಇವು ಎರಡು ದಾರಿ. ಒಂದು ದಾರಿಯಲ್ಲಿ ವಿಶ್ವವಿದ್ಯಾಲಯ ಅಸ್ಪೃಶ್ಯನ ಬಾಗಿಲಿಗೆ ಬಂದು ಪ್ರಶ್ನೆ ಕೇಳುತ್ತದೆ. ಇನ್ನೊಂದರಲ್ಲಿ ಅಸ್ಪೃಶ್ಯನ ಮಗ ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗಿ ಪ್ರಶ್ನೆ ಕೇಳುವುದನ್ನು ಕಲಿಯುತ್ತಾನೆ. ಈ ಎರಡು ದಾರಿ ಎಲ್ಲಿ ಕೂಡುತ್ತವೆ ಎಂಬುದೇ ನಮ್ಮ ತಕರಾರು.

ಕಲಬುರಗಿಗೆ 1970ರಲ್ಲಿ ಸ್ನಾತಕೋತ್ತರ ಕೇಂದ್ರ ಬಂತು, 1980ರಲ್ಲಿ ಅದೇ ವಿಶ್ವವಿದ್ಯಾಲಯವಾಯಿತು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. 35 ಸೂಚ್ಯಂಕ ಇಟ್ಟುಕೊಂಡು ರಾಜ್ಯದ 175 ತಾಲ್ಲೂಕುಗಳನ್ನು ಅಳೆದು, 39ನ್ನು ಅತ್ಯಂತ ಹಿಂದುಳಿದವು ಎಂದಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ 39ರಲ್ಲಿವೆ. ಜೇವರ್ಗಿಯಿಂದ ಯಡ್ರಾಮಿ ಈಚೆಗೆ ಬೇರೆ ತಾಲ್ಲೂಕಾಯಿತು. ಹಿಂದುಳಿದಿರುವಿಕೆಯನ್ನೂ ಪಾಲು ಮಾಡಿಕೊಂಡೇ ಹೋಯಿತು. 371(ಜೆ) ಗೆದ್ದುಕೊಳ್ಳುವ ಹೋರಾಟಕ್ಕೆ ನಂಜುಂಡಪ್ಪ ವರದಿ ಬಲ ಕೊಟ್ಟಿತು, ಅದನ್ನು ಮರೆಯಲಾಗದು. ಆದರೆ ಅದರ ಅಳತೆಗೋಲು ತಾಲ್ಲೂಕು. ತಾಲ್ಲೂಕಿನೊಳಗೆ ಊರು, ಊರೊಳಗೆ ಕೇರಿ, ಅದರಾಚೆ ತಾಂಡಾ. ಗೌಡರ ವಾಡೆಯೂ ನಮ್ಮ ಗುಡಿಸಲೂ ಕೂಡಿ ತೆಗೆದ ಸರಾಸರಿಯಲ್ಲಿ ವಾಡೆಯೂ ಬಡವಾಗುತ್ತದೆ. ಅನುದಾನ ಬಂದಾಗ ಮಾತ್ರ ಸರಾಸರಿ ಇರುವುದಿಲ್ಲ.

2009ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ನೆಲೆ ಆಳಂದ ತಾಲ್ಲೂಕಿನ ಕಡಗಂಚಿ. ವಿದ್ಯಾಪೀಠವೇ ತೊಗರಿ ಹೊಲದ ನಡುವೆ ಬಂದು ಕೂತಿತು. 2014ರಲ್ಲಿ ಕೇಂದ್ರ ಸರಕಾರ ಉನ್ನತ ಭಾರತ ಅಭಿಯಾನ ಸಾರಿತು. ಉನ್ನತ ಶಿಕ್ಷಣ ಸಂಸ್ಥೆಗಳು ಹಳ್ಳಿ ದತ್ತು ತಗೋಬೇಕು, ಮನೆಮನೆ ಸಮೀಕ್ಷೆ ಮಾಡಬೇಕು. ‘ದತ್ತು’ ಎಂಬ ಪದವೇ ನಮಗೆ ಹಿಡಿಸುವುದಿಲ್ಲ. ತಾಯಿ ತಂದಿ ಇರುವ ಹಳ್ಳಿಯನ್ನು ದತ್ತು ತಗೊಳ್ಳುವುದು ಹೆಂಗ್ರಿ? ಅದಿರಲಿ. ಹುಡುಗರು ಬರುತ್ತಾರೆ, ಒಳ್ಳೆ ಮನಸ್ಸಿನಿಂದಲೇ ಬರುತ್ತಾರೆ. ಅವರ ಕೈಯಲ್ಲಿರುವ ಫಾರಂ ಎಲ್ಲಿಂದಲೋ ಬಂದದ್ದು.

‘ಕುಡಿಯುವ ನೀರಿನ ಮೂಲ ಇದೆಯೇ?’ ಎಂದು ಫಾರಂ ಕೇಳುತ್ತದೆ. ಇದೆ. ಬಾವಿ ಇದೆ, ನಳ ಇದೆ. ಟಿಕ್ ಹಾಕಿದರೆ ಮುಗಿಯಿತು. ಆ ನೀರು ಸೇದಲಿಕ್ಕೆ ಹೋದರೆ ಯಾರು ತಡೀತಾರ ಎಂದು ಕೇಳುವ ಖಾನೆ ಅದರಲ್ಲಿರುವುದಿಲ್ಲ. ಕೇರಿಯ ಹೆಣ್ಣುಮಗಳು ಫಾರಂ ಬರೆದಿದ್ದರೆ ಅದೇ ಮೊದಲನೇ ಪ್ರಶ್ನೆ ಆಗುತ್ತಿತ್ತು. ಇನ್ನು ಭಾಷೆ. ‘ಕುಟುಂಬದ ಮುಖ್ಯಸ್ಥರ ವಾರ್ಷಿಕ ಆದಾಯ’ ಅಂದರೆ ನಮ್ಮವರು ಮುಖ ಮುಖ ನೋಡುತ್ತಾರೆ. ವರ್ಷಕ್ಕ ಎಷ್ಟ ದುಡೀತೀರಿ, ಎಷ್ಟ ಸಾಲಕ್ಕ ಹೋಗತದ ಎಂದರೆ ಬೆರಳೆಣಿಸಿ ಹೇಳುತ್ತಾರೆ.

ಸಮಯದ ಮಾತೂ ಅಷ್ಟೇ. ಮಳೆಗಾಲಕ್ಕೆ ಬಿತ್ತಿದ ತೊಗರಿ ಡಿಸೆಂಬರ್, ಜನವರಿಗೆ ರಾಶಿಯಾಗುತ್ತದೆ, ಭೀಮಾ ದಂಡೆಯ ಹಿಂಗಾರಿ ಜೋಳ ಅದರ ಹಿಂದೆಯೇ. ಆಮೇಲೆ ಕೂಲಿ ಇಲ್ಲ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಕಡೆಗೆ ಗುಳೆ. ಕಾಲೇಜಿನ ಸೂಟಿ ಬೇಸಗೆಗೆ. ಹುಡುಗರು ಬರುವಷ್ಟರಲ್ಲಿ ಯಾರ ಕಷ್ಟ ಬರೆಯಬೇಕೋ ಅವರ ಮನೆಗೇ ಬೀಗ. ‘ಮನೆ ಬೀಗ’ ಎಂದು ಬರೆದು ಮುಂದಿನ ಮನೆಗೆ ಹೋಗುತ್ತಾರೆ. ಸಂಶೋಧನೆಯ ದೊಡ್ಡ ಉತ್ತರ ಆ ಬೀಗದಲ್ಲೇ ಇದೆ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬದುಕಿಗೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ದೇವದಾಸಿ ತಾಯಂದಿರ ಕಥೆ ನೋಡಿ. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಬಂತು. ಮುತ್ತು ಕಟ್ಟುವುದು ಅಪರಾಧವಾಯಿತು, ಕಟ್ಟಿಸಿದ ತಾಯಿ ತಂದಿಗೂ ಜೈಲು. ಹೀಗೆ ಹೆದರಿಸಿದ ಮೇಲೆ ಸರಕಾರ 1993-94ರಲ್ಲಿ, ಮತ್ತೆ 2007-08ರಲ್ಲಿ ಬಂದು ‘ನೀವು ದೇವದಾಸಿಯೇ?’ ಎಂದು ಕೇಳಿತು. ಎರಡೂ ಸಲ ಸೇರಿ ರಾಜ್ಯದಲ್ಲಿ ಸಿಕ್ಕ ಲೆಕ್ಕ 46,660. ಕಲಬುರಗಿಯೂ ಆ ಜಿಲ್ಲೆಗಳಲ್ಲಿ ಒಂದು. ಹೊಸ್ತಿಲ ಮುಂದೆ ಅಪರಿಚಿತ ಗಂಡಸು ಕಾಗದ ಹಿಡಿದು ನಿಂತಾಗ, ಓಣಿಯ ಮಂದಿ ಕಿವಿಗೊಟ್ಟಾಗ, ಯಾವ ಹೆಣ್ಣುಮಗಳು ಹೌದ್ರಿ ಅಂದಾಳು? ಅನ್ನದವಳು ಪಟ್ಟಿಯಿಂದ ಹೊರಗೆ. ಪಟ್ಟಿಯಿಂದ ಹೊರಗಾದವಳಿಗೆ ಮಾಸಾಶನವಿಲ್ಲ, ಮನೆಯಿಲ್ಲ. ಒಂದು ತಪ್ಪಾಗಿ ಕೇಳಿದ ಪ್ರಶ್ನೆಯ ದಂಡವನ್ನು ಆಕೆ ಮುಪ್ಪಿನ ತನಕ ಕಟ್ಟುತ್ತಾಳೆ. ಮರುಸಮೀಕ್ಷೆ ಆಗಲಿ ಎಂದು ದೇವದಾಸಿ ಮಹಿಳೆಯರ ವಿಮೋಚನಾ ಸಂಘ ವರ್ಷಗಟ್ಟಲೆ ಬೀದಿಗಿಳಿದದ್ದು ಇದಕ್ಕೇ.

ಇಲ್ಲಿ ಒಂದು ಒಳ್ಳೆಯ ಉದಾಹರಣೆಯೂ ಇದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸಾಮಾಜಿಕ ಬಹಿಷ್ಕಾರ ಕುರಿತ ಅಧ್ಯಯನ ಕೇಂದ್ರದವರು ಈ ತಾಯಂದಿರು, ಅವರ ಮಕ್ಕಳ ಜೊತೆ ಕೂತು 2018ರಲ್ಲಿ ಹೊಸ ಕಾನೂನಿನ ಕರಡು ಸಿದ್ಧಪಡಿಸಿದರು. 1982ರ ಕಾಯ್ದೆಗೆ ಮೂರೂವರೆ ದಶಕವಾದರೂ ಸರಕಾರ ನಿಯಮಗಳನ್ನೇ ಮಾಡಿರಲಿಲ್ಲ ಎಂಬುದೂ ಆ ಹೊತ್ತಿಗೆ ಬಯಲಿಗೆ ಬಂತು. 2025ರ ಆಗಸ್ಟಿನಲ್ಲಿ ವಿಧಾನಸಭೆ ಹೊಸ ಮಸೂದೆಯನ್ನು ಅಂಗೀಕರಿಸಿತು. ದೇವದಾಸಿಯ ಮಗು ಅರ್ಜಿಯಲ್ಲಿ ಅಪ್ಪನ ಹೆಸರು ಬರೆಯಲೇಬೇಕೆಂದು ಯಾರೂ ಒತ್ತಾಯಿಸುವ ಹಾಗಿಲ್ಲ ಎಂಬ ಮಾತು ಅದರಲ್ಲಿದೆ. ಈ ಕಲಮಿನ ಬೇರು ಯಾವ ಪ್ರೊಫೆಸರರ ತಲೆಯಲ್ಲೂ ಇಲ್ಲ. ಶಾಲೆಯ ದಾಖಲಾತಿ ದಿನ ‘ಅಪ್ಪನ ಹೆಸರೇನು’ ಅಂದಾಗ ತಲೆ ತಗ್ಗಿಸಿ ನಿಂತ ಮಕ್ಕಳ ನೋವಿನಲ್ಲಿದೆ. ಜೊತೆಗೂಡಿ ಸಂಶೋಧನೆ ಅಂದರೆ ನಾವು ತಿಳಿದಿರುವುದು ಇದನ್ನೇ.

ಕೇಳಿದ್ದನ್ನು ಊರಿಗೇ ಹೊಳ್ಳಿ ಓದಿ ಹೇಳುವುದೂ ಹೊಸ ಸಂಗತಿಯಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ 2006ರ ಫೆಬ್ರುವರಿಯಲ್ಲಿ ಮೊದಲ ಹಂತದಲ್ಲೇ ನಮ್ಮ ಜಿಲ್ಲೆಗೆ ಬಂದಾಗ, ಅದರ 17ನೇ ಕಲಂ ಸಾಮಾಜಿಕ ಲೆಕ್ಕಪರಿಶೋಧನೆಯ ಅಧಿಕಾರವನ್ನು ಗ್ರಾಮಸಭೆಗೇ ಕೊಟ್ಟಿತ್ತು. ಹಾಜರಿ ಪಟ್ಟಿ ಜೋರಾಗಿ ಓದಿದರೆ ಸತ್ತವರೂ ಕೂಲಿಗೆ ಹೋದದ್ದು ಗೊತ್ತಾಗುತ್ತದೆ. ಕೂಲಿಯ ಲೆಕ್ಕ ಊರ ಮುಂದೆ ಓದಬಹುದಾದರೆ ಪಿಎಚ್.ಡಿ. ಪ್ರಬಂಧ ಯಾಕೆ ಓದಬಾರದು?

ಗ್ರಾಮೀಣ ಮಾಸ್ತರರೇ, ನಿಮಗೂ ಇದು ಗೊತ್ತು. 2015ರಲ್ಲಿ ಜಾತಿ ಸಮೀಕ್ಷೆಗೆ ಬಿಸಿಲಲ್ಲಿ ಮನೆಮನೆ ತಿರುಗಿದವರು ನೀವು. ಆ ಲೆಕ್ಕದ ವರದಿ ಸಚಿವ ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲಿನಲ್ಲಿ. ಜೂನ್ ಹೊತ್ತಿಗೆ ಅದು ಹಳೆಯದಾಯಿತು, ಸೆಪ್ಟೆಂಬರಿನಲ್ಲಿ ಮತ್ತೆ ನೀವೇ ತಿರುಗಿದಿರಿ. ಹತ್ತು ವರ್ಷ ನಿಮ್ಮ ಅಕ್ಷರಗಳು ಕಪಾಟಿನಲ್ಲಿದ್ದವು.

ವಿದ್ಯಾರ್ಥಿ ಗೆಳೆಯರೇ, ಕಡಗಂಚಿಯಿಂದಾಗಲಿ ಕಲಬುರಗಿಯಿಂದಾಗಲಿ ಬರ್ರಿ, ಬರಬ್ಯಾಡ್ರಿ ಅನ್ನುತ್ತಿಲ್ಲ. ನಮ್ಮಲ್ಲೂ ಪದವೀಧರರಿದ್ದೇವೆ, ಫಾರಂ ಅಚ್ಚಾಗುವ ಮೊದಲು ಒಂದು ರಾತ್ರಿ ಸಮಾಜಮಂದಿರದಲ್ಲಿ ಕೂತು ಪ್ರಶ್ನೆಗಳನ್ನು ಕೂಡಿಯೇ ಬರೆಯೋಣ. 1978ರ ಪಿಟಿಸಿಎಲ್ ಕಾಯ್ದೆ ನಮ್ಮ ಮಂಜೂರಾತಿ ಹೊಲ ಪರಭಾರೆಯಾಗದಂತೆ ಕಾಯಬೇಕಿತ್ತು, ಕಾಯಲಿಲ್ಲ. 2023ರ ತಿದ್ದುಪಡಿಯಿಂದ ಅರ್ಜಿಗೆ ಕಾಲಮಿತಿಯ ಅಡ್ಡಿ ಹೋಗಿದೆ. ಅಜ್ಜನ ಹೊಲ ಯಾರ ಹೆಸರಿಗೆ, ಯಾವ ವರ್ಷ ಹೋಯಿತು ಎಂದು ತಹಸೀಲ ಕಚೇರಿಯ ಹಳೇ ಪಹಣಿ ತೆಗೆಸಿ ನೋಡುವ ಕೆಲಸ ಬಾಕಿ ಬಿದ್ದಿದೆ. ನಿಜಾಮನ ಕಾಲದ ಕಾಗದಗಳು ಉರ್ದುವಿನಲ್ಲಿವೆ. ನಿಮ್ಮಲ್ಲಿ ಉರ್ದು ಬಲ್ಲವರಿದ್ದರೆ ಕರಕೊಂಡು ಬರ್ರಿ. ಬರುವುದಾದರೆ ತೊಗರಿ ರಾಶಿಯ ಹೊತ್ತಿಗೆ ಬರ್ರಿ, ಆಗ ಎಲ್ಲರೂ ಮನೆಯಲ್ಲಿರುತ್ತಾರೆ. ಬರೆದದ್ದರ ಒಂದು ಪ್ರತಿ ಕನ್ನಡದಲ್ಲಿ ಕೇರಿಯ ಸಮಾಜಮಂದಿರದಲ್ಲಿ ಇಟ್ಟು ಹೋಗ್ರಿ.