ಬೇರಿನಿಂದ ಬಂದ ಬಿ.ಪಿ. ಗುಳಿಗೆ

ಶಿವಮೊಗ್ಗೆಯ ಸವಳಂಗ ರಸ್ತೆಯ ಯಾವ ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೂ ಬಿ.ಪಿ. ಗುಳಿಗೆಯ ಚೀಟಿ ಹಿಡಿದು ಬರುವವರು ಕಾಣಸಿಗುತ್ತಾರೆ. ಬೆಳಿಗ್ಗೆ ಒಂದು ಗುಳಿಗೆ ನುಂಗಿ ರಕ್ತದ ಒತ್ತಡವನ್ನು ಹತೋಟಿಯಲ್ಲಿಡುವುದು ಈಗ ಕಾಫಿ ಕುಡಿದಷ್ಟೇ ಮಾಮೂಲು. ಇಂಥ ಗುಳಿಗೆಗಳ ಚರಿತ್ರೆಯ ಮೊದಲ ಅಧ್ಯಾಯಗಳಲ್ಲೊಂದು ಈ ಊರಿನಿಂದ ಪಶ್ಚಿಮಕ್ಕೆ ಹಬ್ಬಿರುವ ಘಟ್ಟದ ಕಾಡುಗಳಿಗೂ ಪರಿಚಿತವಾದ ಒಂದು ಗಿಡದ ಬೇರಿನಲ್ಲಿದೆ. ಅದೇ ಸರ್ಪಗಂಧ. ಕನ್ನಡದಲ್ಲಿ ಸೂತ್ರನಾಭಿ, ಗರುಡಪಾತಾಳ ಎಂಬ ಹೆಸರುಗಳೂ ಅದಕ್ಕಿವೆ.

ಹಾವು ಕಡಿತಕ್ಕೆ ಇದು ಮದ್ದು ಎಂಬ ನಂಬಿಕೆ ಹಳೆಯದು. ವಿಷ ಇಳಿಸುವ ಶಕ್ತಿಯೇನೂ ಅದಕ್ಕಿಲ್ಲವೆನ್ನಿ. ಬಿಹಾರದ ಕಡೆ ಮಾತ್ರ ಈ ಬೇರು ‘ಪಾಗಲ್ ಕೀ ದವಾ’, ಅಂದರೆ ಹುಚ್ಚಿನ ಮದ್ದು ಎಂದೇ ಹೆಸರಾಗಿತ್ತು. ಆ ಹೆಸರಿನಲ್ಲಿ ಹುರುಳಿತ್ತು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಎಂಬ ಇಬ್ಬರು ಬಂಗಾಳಿ ವೈದ್ಯರು, ಈ ಬೇರು ಉನ್ಮಾದವನ್ನಷ್ಟೇ ಅಲ್ಲ, ಏರಿದ ರಕ್ತದೊತ್ತಡವನ್ನೂ ಇಳಿಸುತ್ತದೆಂದು ಪ್ರಕಟಿಸಿದರು. ಸುಮಾರು ಅದೇ ಹೊತ್ತಿಗೆ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಬೇರಿನಿಂದ ಕೆಲವು ಸಾರಗಳನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ನೆನಪಿಗೆ ಒಂದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು.

ಹೊರಗಿನ ಜಗತ್ತು ಇದನ್ನು ಗಮನಿಸಲಿಲ್ಲ. ಆಗ ಆ ಜಗತ್ತಿನ ಬಳಿ ಇದ್ದದ್ದಾದರೂ ಏನು? ಉಪ್ಪಿಲ್ಲದ ಅನ್ನದ ಪಥ್ಯ, ನರ ಕತ್ತರಿಸುವ ಶಸ್ತ್ರಚಿಕಿತ್ಸೆ, ವಿಶ್ರಾಂತಿ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಒತ್ತಡ 1944ರ ಮಾರ್ಚಿನಲ್ಲಿ 186/108 ಇತ್ತು. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವವಾದಾಗ ಅದು 300 ದಾಟಿತ್ತು. ಅಷ್ಟು ದೊಡ್ಡ ದೇಶದ ಅಧ್ಯಕ್ಷರಿಗೂ ಕೊಡಲು ವೈದ್ಯರ ಕೈಯಲ್ಲಿ ಸರಿಯಾದ ಗುಳಿಗೆ ಇರಲಿಲ್ಲ.

ಮುಂಬಯಿಯ ಹೃದಯತಜ್ಞ ರುಸ್ತಮ್ ಜಾಲ್ ವಕೀಲ್ 50 ಮಂದಿ ರೋಗಿಗಳಿಗೆ ಸರ್ಪಗಂಧ ಕೊಟ್ಟು ಪರೀಕ್ಷಿಸಿದ ಫಲವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಕಣ್ಣುಗಳು ಇತ್ತ ತಿರುಗಿದವು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿ ಬೇರಿನಿಂದ ರೆಸರ್ಪೀನ್ ಎಂಬ ಸಾರವನ್ನು ತೆಗೆಯಿತು. ವಕೀಲರಿಗೆ 1957ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

ಒಂದೇ ಬೇರು ಉನ್ಮಾದವನ್ನೂ ಒತ್ತಡವನ್ನೂ ಇಳಿಸುವುದು ಹೇಗೆ? ನರಗಳ ತುದಿಯಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಪುಟ್ಟ ಚೀಲಗಳಲ್ಲಿ ದಾಸ್ತಾನಾಗಿರುತ್ತದೆ. ರಕ್ತನಾಳ ಬಿಗಿಯಾಗುವುದೂ ಎದೆಬಡಿತ ಜೋರಾಗುವುದೂ ಅದರ ಅಪ್ಪಣೆಯಿಂದ. ರೆಸರ್ಪೀನ್ ಆ ಚೀಲಗಳು ತುಂಬದಂತೆ ತಡೆಯುತ್ತದೆ. ಉಗ್ರಾಣ ಬರಿದಾದಂತೆ ನಾಳಗಳು ಸಡಿಲವಾಗಿ ಒತ್ತಡ ಇಳಿಯುತ್ತದೆ, ನಾಡಿಯೂ ನಿಧಾನವಾಗುತ್ತದೆ. ಆದರೆ ಉಗ್ರಾಣ ಒಂದು ದಿನದಲ್ಲಿ ಬರಿದಾಗುವುದಿಲ್ಲ. ಬಾಯಿಂದ ತೆಗೆದುಕೊಂಡ ಗುಳಿಗೆ ಪೂರ್ತಿ ಫಲ ತೋರಲು ಎರಡು ಮೂರು ವಾರ ಹಿಡಿಯುತ್ತಿತ್ತು. ನಿಲ್ಲಿಸಿದ ಮೇಲೂ ಅದರ ಪ್ರಭಾವ ಕೆಲಕಾಲ ಉಳಿಯುತ್ತಿತ್ತು.

ತೊಂದರೆ ಶುರುವಾದದ್ದೂ ಇಲ್ಲಿಯೇ. ಮಿದುಳಿನ ಉಗ್ರಾಣವೂ ಬರಿದಾಗುತ್ತದಲ್ಲ! ಮೂಗು ಕಟ್ಟುವುದು, ಭೇದಿ ಇವು ಸಣ್ಣ ಕಿರಿಕಿರಿ. ದೊಡ್ಡ ಪ್ರಮಾಣದಲ್ಲಿ ಔಷಧ ಕೊಡುತ್ತಿದ್ದ 1950ರ ದಶಕದಲ್ಲಿ ಕೆಲವು ರೋಗಿಗಳು ಮಂಕಾಗಿ ಕುಳಿತರು, ಖಿನ್ನತೆಗೆ ಜಾರಿದರು ಎಂಬ ವರದಿಗಳು ಬಂದವು. ಪ್ರಮಾಣ ಇಳಿಸಿದ ಮೇಲೂ ಆ ಕೆಟ್ಟ ಹೆಸರು ಅಳಿಸಲಿಲ್ಲ. ಇದು ಪೂರ್ತಿ ನ್ಯಾಯವೆನ್ನಲಾಗದು. 1967ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನವೊಂದು, ಅತಿಯಾದ ಒತ್ತಡವನ್ನು ಇಳಿಸಿದರೆ ಜೀವ ಉಳಿಯುತ್ತದೆಂದು ಮೊದಲ ಬಾರಿಗೆ ಸ್ಪಷ್ಟವಾಗಿ ತೋರಿಸಿತು. ಅಲ್ಲಿ ಕೊಟ್ಟ ಮೂರು ಔಷಧಗಳಲ್ಲಿ ರೆಸರ್ಪೀನ್ ಒಂದು.

ಆಮೇಲೆ ಬಂದವು ಬೇರೆ ಬೇರೆ ಬಾಗಿಲುಗಳಿಂದ ಒಳಹೊಕ್ಕವು. ಅಟೆನೊಲಾಲ್‌ನಂಥ ಗುಳಿಗೆ ಹೃದಯಕ್ಕೆ ಅಡ್ರಿನಲಿನ್‌ನ ಕೂಗು ಕೇಳಿಸದಂತೆ ಮಾಡಿ ಬಡಿತವನ್ನೂ ಒತ್ತಡವನ್ನೂ ತಗ್ಗಿಸುತ್ತದೆ. ಆಮ್ಲೋಡಿಪಿನ್ ನಾಳದ ಸ್ನಾಯುಗಳಿಗೆ ಸುಣ್ಣದಂಶ ಹೋಗದಂತೆ ತಡೆದು ಅವನ್ನು ಸಡಿಲಿಸುತ್ತದೆ. ನಾಡಿಯನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಆದ್ದರಿಂದ ನೆರೆಮನೆಯವರಿಗೆ ಒಗ್ಗಿದ ಗುಳಿಗೆ ನಾಡಿ ಮೊದಲೇ ನಿಧಾನವಾಗಿರುವವರಿಗೆ ಒಗ್ಗದಿರಬಹುದು. ‘ಬೇರು ತಾನೇ, ಏನಾಗುತ್ತದೆ’ ಎಂದು ಅಟೆನೊಲಾಲ್ ಜೊತೆಗೆ ಸರ್ಪಗಂಧದ ಪುಡಿಯನ್ನೂ ಸೇವಿಸಿದರೆ ನಾಡಿ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಗಿಡಕ್ಕಾದದ್ದು ಮತ್ತೊಂದು ಕಥೆ. ಬೇರು ಬೇಕೆಂದರೆ ಗಿಡವನ್ನೇ ಕೀಳಬೇಕು. ಬೀಜ ಮೊಳೆಯುವುದೂ ಕಡಿಮೆ. ಪ್ರಪಂಚಕ್ಕೆಲ್ಲ ಗುಳಿಗೆ ಬೇಕಾದಾಗ ಕಾಡಿನ ನೆರಳಿನಿಂದ ಗಿಡಗಳು ಮೂಟೆಗಟ್ಟಲೆ ಹೋದವು. ಕೊನೆಗೆ 1990ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಗೆ ಸರ್ಪಗಂಧದ ಹೆಸರು ಸೇರಿತು.