ಶಂಕರ್ ನಾಗ್ ಮುಂದಿನ ಸಿನಿಮಾ

ನೆಚ್ಚಿನ ನಟನ ಮುಂದಿನ ಸಿನಿಮಾ ಯಾವುದು ಅಂತ ತಿಳ್ಕೊಳ್ಳೋದು ಈಗ ಒಂದು ನಿಮಿಷದ ಕೆಲಸ. ಮುಹೂರ್ತದ ಫೋಟೋ, ಟೈಟಲ್, ಟೀಸರ್, ಟ್ರೇಲರ್ ಎಲ್ಲ ಫೋನಿಗೇ ಬಂದು ಬೀಳುತ್ತೆ. ನನ್ನ ಟೀಮಿನ ಹುಡುಗರು ಮುಂದಿನ ವರ್ಷ ಬರೋ ಚಿತ್ರಕ್ಕೆ ಈ ವರ್ಷವೇ ರಜೆ ಲೆಕ್ಕ ಹಾಕ್ತಾರೆ. ನನ್ನ ಪಾಡು ಬೇರೆ. ನನ್ನ ನೆಚ್ಚಿನ ನಟನ ಕೊನೆಯ ಸಿನಿಮಾಗಳು ತೆರೆ ಕಂಡಾಗ ನಾನಿನ್ನೂ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದೆ. ಆದರೂ ನಾನು ಶಂಕರ್ ನಾಗ್ ಸಿನಿಮಾಗಳಿಗೆ ಕಾದು ಕೂತು ಬೆಳೆದವನು. ಅದು ಹೇಗೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಗೆಲ್ಲ ಸಿನಿಮಾ ಅಂದ್ರೆ ಡಬ್ಬಿಯಲ್ಲಿ ತುಂಬಿದ ರೀಲು. ಒಂದು ಚಿತ್ರಕ್ಕೆ ಹಾಕಿಸುತ್ತಿದ್ದ ಪ್ರಿಂಟ್‌ಗಳೇ ಕಡಿಮೆ. ಅವು ಮೊದಲು ಬೆಂಗಳೂರಿನ ಕೆಂಪೇಗೌಡ ರಸ್ತೆಯ ಥಿಯೇಟರುಗಳಲ್ಲಿ, ಜಿಲ್ಲಾ ಕೇಂದ್ರಗಳಲ್ಲಿ ಓಡಬೇಕು. ಆಮೇಲೆ ತಾಲ್ಲೂಕು. ಅಲ್ಲೂ ಓಡಿ, ಗೀರು ಬಿದ್ದು, ಅಲ್ಲಲ್ಲಿ ತುಂಡಾಗಿ, ಕೊನೆಗೆ ನಮ್ಮಂಥ ಊರಿನ ಟೆಂಟಿಗೆ ಬರಬೇಕು. ಹಾಗಾಗಿ ಗಾಂಧಿನಗರದವರು ಮರೆತ ಚಿತ್ರ ನಮಗೆ 'ಇಂದಿನಿಂದ'. ಗಾಡಿಗೆ ಮೈಕು ಕಟ್ಟಿ, ಬಣ್ಣದ ಕಾಗದದ ಹ್ಯಾಂಡ್‌ಬಿಲ್ ತೂರುತ್ತಾ ಹೋದರೆ ಅದೇ ನಮ್ಮ ಟ್ರೇಲರ್. ಶಂಕರ್ ನಾಗ್ ತೀರಿಹೋದ ಮೇಲೂ ನಮ್ಮೂರಿಗೆ ಅವರ 'ಹೊಸ' ಸಿನಿಮಾಗಳು ವರ್ಷಗಟ್ಟಲೆ ಬರ್ತಾನೇ ಇದ್ದವು. ಅವರು ಇಲ್ಲ ಅನ್ನೋದು ದೊಡ್ಡವರಿಗೆ ಗೊತ್ತಿತ್ತು. ನಮಗೆ ಮಾತ್ರ ಅವರು ಮುಂದಿನ ವಾರವೂ ಬರುವವರೇ.

ಇಂಜಿನಿಯರಿಂಗ್ ಓದೋಕೆ ಬೆಂಗಳೂರಿಗೆ ಬಂದ ಮೇಲೆ ನಾನು ಅವರ ಚಿತ್ರಗಳನ್ನು ಬಿಡುಗಡೆಯಾದ ವರ್ಷದ ಪ್ರಕಾರ, ಒಂದಾದ ಮೇಲೊಂದರಂತೆ ನೋಡೋಕೆ ಶುರು ಮಾಡಿದೆ. ಆಗ ತಲೆ ಗಿರ್ರೆಂದಿತು. ಹೊನ್ನಾವರದಲ್ಲಿ 1954ರ ನವೆಂಬರ್ 9ರಂದು ಹುಟ್ಟಿ, ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿದ ಈ ಮನುಷ್ಯ ಕನ್ನಡ ತೆರೆಗೆ ಬಂದದ್ದು 1978ರಲ್ಲಿ, ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರದ ಗಂಡುಗಲಿಯಾಗಿ. ಕುರೊಸಾವಾನ ಸಮುರಾಯ್ ಚಿತ್ರಗಳ ನೆರಳಿದ್ದ, ಕೂಲಿ ಸೈನಿಕರ ಕಥೆ ಅದು. ಮೊದಲ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅದೇ ಹೊತ್ತಿಗೆ, ಚಾಪೇಕರ್ ಸಹೋದರರ ಕುರಿತ '22 ಜೂನ್ 1897' ಅನ್ನೋ ಮರಾಠಿ ಚಿತ್ರದ ಬರವಣಿಗೆಯಲ್ಲೂ ಅವರ ಕೈ ಇತ್ತು.

ಇಂಥ ಆರಂಭ ಸಿಕ್ಕವರು ಸಾಮಾನ್ಯವಾಗಿ ಏನು ಮಾಡ್ತಾರೆ? ವರ್ಷಕ್ಕೊಂದು ಗಂಭೀರ ಚಿತ್ರ ಮಾಡಿಕೊಂಡು, ವಿಮರ್ಶಕರ ಪ್ರೀತಿಯಲ್ಲಿ ಬದುಕ್ತಾರೆ. ಶಂಕರ್ ನಾಗ್ 1979ರಲ್ಲಿ 'ಸೀತಾರಾಮು' ಮಾಡಿದರು, 1980ರಲ್ಲಿ 'ಆಟೋ ರಾಜ' ಆದರು. ಅಲ್ಲಿಂದ ಅವರ ಮುಖ ಆಟೋಗಳ ಹಿಂಬದಿಗೆ ಹೋಗಿ ಕೂತಿತು, ಇವತ್ತಿಗೂ ಇಳಿದಿಲ್ಲ. ಕರ್ನಾಟಕದ ಯಾವ ಊರಿಗೇ ಹೋಗಿ, ಹುಡುಕಿದರೆ ಒಂದು ಶಂಕರ್ ನಾಗ್ ಆಟೋ ನಿಲ್ದಾಣ ಸಿಗುತ್ತೆ. ಖಾಕಿ ಅಂಗಿಯ ದುಡಿಯುವ ಮನುಷ್ಯನನ್ನು ಹೀರೋ ಮಾಡಿದ್ದಕ್ಕೆ ಆ ಚಾಲಕರು ಸಲ್ಲಿಸುತ್ತಿರುವ ಋಣ ಅದು. ಯಾವ ಅಕಾಡೆಮಿಯೂ ಇಷ್ಟು ವರ್ಷ ಬಿಡದೆ ಗೌರವ ಕೊಡಲ್ಲ.

ಅದೇ 1980ರಲ್ಲಿ ಅವರು ನಿರ್ದೇಶಕರೂ ಆದರು. ಚಿತ್ರ 'ಮಿಂಚಿನ ಓಟ', ಕಾರು ಕದಿಯುವವರ ಕಥೆ. ಜೈಲಿನಿಂದ ತಪ್ಪಿಸಿಕೊಳ್ಳುವ ಭಾಗವನ್ನು ಈಗ ನೋಡಿದರೂ ಉಸಿರು ಬಿಗಿಹಿಡಿಯುತ್ತೆ. ಮರುವರ್ಷ ಇಳಯರಾಜ ಸಂಗೀತದ 'ಗೀತಾ'. ಆಮೇಲೆ 'ಆಕ್ಸಿಡೆಂಟ್': ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ರಾಜಕಾರಣಿಯ ಮಗ ಕಾರು ಹರಿಸುತ್ತಾನೆ, ಪತ್ರಕರ್ತನೊಬ್ಬ ಅದರ ಬೆನ್ನು ಹತ್ತುತ್ತಾನೆ. ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಇವತ್ತಿನ ಪೇಪರಿನ ಸುದ್ದಿಯನ್ನೇ ನಲವತ್ತು ವರ್ಷ ಮೊದಲು ತೆಗೆದಿಟ್ಟ ಹಾಗಿದೆ.

ಇನ್ನು 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣರ ಕಲ್ಪನೆಯ ಊರನ್ನು ಆಗುಂಬೆಯ ಮಳೆಯಲ್ಲಿ ಕಟ್ಟಿ, ದೂರದರ್ಶನದ ಮೂಲಕ ಇಡೀ ದೇಶಕ್ಕೆ ತೋರಿಸಿದರು. ಮಾತು ಹಿಂದಿ, ಇಂಗ್ಲಿಷು. ಆದರೆ ಮುಖ, ಮನೆ, ಜಗಲಿ, ಪಂಚೆ ಎಲ್ಲ ನಮ್ಮದು. ಅಪ್ಪನಾಗಿ ಗಿರೀಶ್ ಕಾರ್ನಾಡ್, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಚಿತ್ರಗಳನ್ನು ಬರೆದವರು ಆರ್.ಕೆ. ಲಕ್ಷ್ಮಣ್. ನನ್ನ ಉತ್ತರ ಭಾರತದ ಸಹೋದ್ಯೋಗಿಗಳಿಗೆ ಎಲ್. ವೈದ್ಯನಾಥನ್ ರಾಗ ಕೇಳಿಸಿದರೆ ಬಾಲ್ಯ ನೆನಪಾಗುತ್ತೆ. ಅದನ್ನು ಮಾಡಿದವನು ನಮ್ಮೂರಿನ ಆಟೋ ಮೇಲಿರುವ ಆ ಗಡ್ಡದವನೇ ಅಂದರೆ ಅವರು ನಂಬಲ್ಲ.

ಅಭಿಮಾನಿಗಳಾದ ನಾವು ಇಲ್ಲಿ ಒಂದು ಜಾಣತನ ಮಾಡ್ತೀವಿ. ಒಳ್ಳೆಯದನ್ನೆಲ್ಲ ಆಯ್ದುಕೊಂಡು ಪಟ್ಟಿ ಮಾಡಿ, ಉಳಿದದ್ದನ್ನು ಬಚ್ಚಿಡ್ತೀವಿ. ಹನ್ನೆರಡು ವರ್ಷದಲ್ಲಿ ಅವರು ನಟಿಸಿದ್ದು 80ಕ್ಕೂ ಹೆಚ್ಚು ಚಿತ್ರ. ಸರಾಸರಿ ತೆಗೆದರೆ ಎರಡು ತಿಂಗಳಿಗೊಂದಕ್ಕಿಂತ ಜಾಸ್ತಿ. ಇದರಲ್ಲಿ ಎಷ್ಟೋ ಚಿತ್ರಗಳು ಅದೇ ಫೈಟು, ಅದೇ ತಂಗಿ ಸೆಂಟಿಮೆಂಟು, ಅದೇ ಕೊನೆಯ ಗೋಡೌನ್. ಅವನ್ನು ನಾನು ಪೂರ್ತಿ ನೋಡಿದ್ದೀನಿ, ಕೆಲವನ್ನು ಹಲ್ಲು ಕಚ್ಚಿಕೊಂಡು. ಒಂದು ಮಾತು ಒಪ್ಪಬೇಕು: ಅವರು ಯಾವ ಕೆಟ್ಟ ಚಿತ್ರದಲ್ಲೂ ಬೇಕಾಬಿಟ್ಟಿ ನಿಂತಿಲ್ಲ. ಓಡುವಾಗ ನಿಜವಾಗಿ ಓಡ್ತಾರೆ. ಕರಾಟೆ ಗೊತ್ತಿಲ್ಲದೆಯೂ ಕರಾಟೆ ಕಿಂಗ್ ಅನ್ನಿಸಿಕೊಂಡದ್ದು ಆ ಚುರುಕಿನಿಂದ.

ಆ ಚಿತ್ರಗಳನ್ನು ಬಚ್ಚಿಡಬಾರದು ಅನ್ನೋದು ನನ್ನ ವಾದ. 'ಸಾಂಗ್ಲಿಯಾನ'ದಂಥ ಪೊಲೀಸ್ ಚಿತ್ರಗಳು ಅವರನ್ನು ಹಳ್ಳಿ ಹಳ್ಳಿಗೆ ತಲುಪಿಸಿದವು. ನಟನಾಗಿ ಗಳಿಸಿದ ಹೆಸರು, ಹಣ ಎರಡೂ ಬೇರೆ ಕಡೆ ಹರಿದವು. ಅಣ್ಣ ಅನಂತ್ ನಾಗ್ ಜೊತೆ ಸೇರಿ ಬೆಂಗಳೂರಿನಲ್ಲೇ ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದರು. ಆಗ ಕನ್ನಡ ಚಿತ್ರದ ಧ್ವನಿ ಕೆಲಸಕ್ಕೆ ಮದ್ರಾಸಿನ ರೈಲು ಹತ್ತೋದು ಮಾಮೂಲಾಗಿತ್ತು ಅನ್ನೋದನ್ನು ನೆನಪಿಡಿ. ಸಂಕೇತ್ ತಂಡದಿಂದ ನಾಟಕ ಮಾಡಿಸಿದರು, ಕಾರ್ನಾಡರ 'ನಾಗಮಂಡಲ'ವನ್ನು ರಂಗಕ್ಕೆ ತಂದರು. ಸ್ಟೈನ್‌ಬೆಕ್‌ನ 'ದಿ ಪರ್ಲ್' ಕಥೆ ಹಿಡಿದು ರಾಜ್‌ಕುಮಾರ್ ಅವರನ್ನು ನೀರಿನೊಳಗೆ ಇಳಿಸಿ 1987ರಲ್ಲಿ 'ಒಂದು ಮುತ್ತಿನ ಕಥೆ' ಮಾಡಿದರು. ಅದು ಅಂದುಕೊಂಡಷ್ಟು ಓಡಲಿಲ್ಲ. ಆದರೆ ಅಂಥ ಸಾಹಸಕ್ಕೆ ಕೈ ಹಾಕೋ ಧೈರ್ಯ ಬರೋಕೆ, ಒಂದರ ನಷ್ಟವನ್ನು ಇನ್ನೊಂದು ತಡ್ಕೊಳ್ಳೋಕೆ, ಹಿಂದೆ ಹತ್ತಾರು ಮಾಮೂಲಿ ಚಿತ್ರಗಳು ಬೆನ್ನೆಲುಬಾಗಿ ಇರಬೇಕು. ನಮ್ಮಪ್ಪ ರಾಗಿ ಹೊಲದ ದುಡ್ಡಲ್ಲಿ ತೆಂಗಿನ ಸಸಿ ನೆಟ್ಟಂತೆ. ರಾಗಿಯನ್ನು ಕೀಳು ಅಂದವನಿಗೆ ತೆಂಗೂ ಇಲ್ಲ.

1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ದಾವಣಗೆರೆ ಹತ್ತಿರದ ಆನಗೋಡು ಬಳಿ ಅವರ ಕಾರು ಅಪಘಾತಕ್ಕೀಡಾಯಿತು. ಚಂದ್ರಶೇಖರ ಕಂಬಾರರ ನಾಟಕ ಆಧರಿಸಿದ 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಹೊರಟಿದ್ದರು. ನಿರ್ದೇಶಕರು ಮತ್ತದೇ ಗಿರೀಶ್ ಕಾರ್ನಾಡ್. ಕಾರಿನಲ್ಲಿದ್ದ ಪತ್ನಿ ಅರುಂಧತಿ, ಪುಟ್ಟ ಮಗಳು ಬದುಕುಳಿದರು. ಅವರಿಗೆ ಇನ್ನೂ 36 ತುಂಬಿರಲಿಲ್ಲ. 'ಸುಂದರಕಾಂಡ' ಮರುವರ್ಷ ಬಂತು. 'ಜೋಕುಮಾರಸ್ವಾಮಿ' ಮಾತ್ರ ಬರಲೇ ಇಲ್ಲ. ನಾನು ನಿಜವಾಗಿ ಕಾಯುವ 'ಮುಂದಿನ ಸಿನಿಮಾ' ಅದು.

ನನಗೆ ಈಗ 36 ದಾಟಿದೆ. ಅಂದರೆ ನನ್ನ ಹೀರೋಗಿಂತ ನಾನೇ ದೊಡ್ಡವನು. ಈ ಲೆಕ್ಕ ಹಾಕಿದ ದಿನ ಸುಮ್ಮನೆ ಕೂತುಬಿಟ್ಟೆ. ಪ್ರತಿ ಸೆಪ್ಟೆಂಬರ್ ಕೊನೆಗೆ ವಾಟ್ಸಾಪಿನಲ್ಲಿ ಒಂದು ಸಂದೇಶ ತಿರುಗುತ್ತೆ: ಅವರು ನಿದ್ದೆ ಮಾಡ್ತಿರಲಿಲ್ಲ, ಅಂದೇ ಮೆಟ್ರೊ ಕನಸು ಕಂಡಿದ್ದರು, ನೀನೂ ಹಾಗೆ ದುಡಿ ಅಂತ. ನಮ್ಮ ಐಟಿ ಜನಕ್ಕೆ ಈ ಪಾಠ ಬಹಳ ಇಷ್ಟ, ಮ್ಯಾನೇಜರುಗಳಿಗೆ ಇನ್ನೂ ಇಷ್ಟ. ನನಗೆ ಮಾತ್ರ ಅದು ಕಸಿವಿಸಿ. ಮೂವತ್ತೈದಕ್ಕೆ ಮುಗಿದ ಬದುಕನ್ನು ಟೈಮ್ ಮ್ಯಾನೇಜ್‌ಮೆಂಟ್ ಪಾಠ ಮಾಡಿಬಿಟ್ಟರೆ, ಕಳೆದುಕೊಂಡದ್ದು ಎಷ್ಟು ಅನ್ನೋದೇ ಮರೆತುಹೋಗುತ್ತೆ. ಅವರಿಗೆ 50 ಆಗಿದ್ದರೆ? 60 ಆಗಿದ್ದರೆ? ಅಣ್ಣನ ಹಾಗೆ ನರೆಗೂದಲಿನ ಪಾತ್ರಗಳಲ್ಲಿ ಅವರನ್ನು ನೋಡೋ ಭಾಗ್ಯ ನಮಗಿರಲಿಲ್ಲ.

ಅವರ ವೇಗಕ್ಕಿಂತ ಅವರ ಬೆರಕೆ ಗುಣ ನನಗೆ ದೊಡ್ಡದು. ಟೆಂಟಿನಲ್ಲಿ ನೆಲದ ಮೇಲೆ ಕೂತವನೂ ನಾಟಕದ ಟಿಕೆಟ್ ಕೊಂಡವನೂ ಒಬ್ಬನೇ ಮನುಷ್ಯನನ್ನು 'ನಮ್ಮವನು' ಅಂದರು. ಹಳ್ಳಿಯಿಂದ ಬಂದು ನಗರದಲ್ಲಿ ನಿಂತ ನನ್ನಂಥವನಿಗೆ ಎರಡೂ ಕಡೆ ಸಲ್ಲುವವರು ಕಡಿಮೆ ಅನ್ನೋದು ಗೊತ್ತು.

ಜೆ.ಪಿ. ನಗರದಲ್ಲಿ ಅರುಂಧತಿ ನಾಗ್ ಹಟ ಹಿಡಿದು ಕಟ್ಟಿದ ರಂಗಶಂಕರ 2004ರಲ್ಲಿ ಬಾಗಿಲು ತೆರೆಯಿತು. ನಾಟಕ ಶುರುವಾದ ಮೇಲೆ ಯಾರಿಗೂ ಒಳಗೆ ಬಿಡಲ್ಲ, ಎಷ್ಟು ದೊಡ್ಡವರಾದರೂ ಅಷ್ಟೆ. ಅಲ್ಲಿಗೆ ಹೋಗೋದಾದರೆ ಆಟೋ ಹತ್ತಿ. ಡ್ರೈವರನ್ನು ಶಂಕ್ರಣ್ಣನ ಯಾವ ಸಿನಿಮಾ ಇಷ್ಟ ಅಂತ ಕೇಳಿ ನೋಡಿ. ಸಿಗ್ನಲ್ ಎಷ್ಟು ಹೊತ್ತು ಕೆಂಪಿದ್ದರೂ ಬೇಜಾರಾಗಲ್ಲ.